ಶೀಟಿನಲ್ಲಿ 53,500 ಎಲ್ಲಿ ಹೋಯಿತು?

ಪುಟ್ಟಾ, ಬೆಳಗ್ಗೆ ನೀನು ಗ್ರೂಪಿಗೆ ಹಾಕಿದ ಮದುವೆ ಖರ್ಚಿನ ಶೀಟ್ ನೋಡಿದೆ. ಅದರಲ್ಲಿ ಟೋಟಲ್ 3,82,500. ಭಾವನ ನೋಟ್‌ಬುಕ್ಕಿನಲ್ಲಿ 4,36,000. "ಅಪ್ಪ ಯಾವುದೋ ಖರ್ಚು ಎರಡು ಸಲ ಬರೆದಿರಬೇಕು" ಅಂದೆಯಲ್ಲ, ಇಲ್ಲಪ್ಪ. ಭಾವ, ನಿಮ್ಮ ಲೆಕ್ಕವೇ ಸರಿ.

ಶಾಮಿಯಾನದವರಿಗೆ ಕೊಟ್ಟ ಅಡ್ವಾನ್ಸ್ ನೋಡು. 45,000/- ಅಂತ ಟೈಪ್ ಮಾಡಿದ್ದೀಯ. ಚೆಕ್ಕಿನಲ್ಲಿ ಬರೆದೂ ಬರೆದೂ ಬಂದ ಅಭ್ಯಾಸ, ಅಲ್ವಾ? ಆ ಗೀಟು ಬಿತ್ತೋ, ಎಕ್ಸೆಲ್‌ಗೆ ಅದು ಸಂಖ್ಯೆ ಅಲ್ಲ, ಬರೀ ಅಕ್ಷರ. ಕೂಡುವಾಗ ಸುಮ್ನೆ ದಾಟಿಕೊಂಡು ಹೋಗುತ್ತದೆ. ತಪ್ಪಿದೆ ಅಂತ ಒಂದು ಮಾತೂ ಹೇಳುವುದಿಲ್ಲ. ಸಾಮಾನ್ಯವಾಗಿ ಸಂಖ್ಯೆ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ನೀನು ಚೆಂದ ಕಾಣಲಿ ಅಂತ ಎಲ್ಲವನ್ನೂ ಸೆಂಟರ್ ಮಾಡಿಟ್ಟಿದ್ದೆ. ನಾನು ಸೆಂಟರ್ ತೆಗೆದೆ ನೋಡು, ಇದೊಂದೇ ಎಡಕ್ಕೆ ಹೋಗಿ ಕೂತಿತು.

ಉಳಿದ 8,500 ವಾಲಗದವರದು. ನಿನ್ನ ಟೋಟಲ್ ಸಿ2ರಿಂದ ಸಿ38ರ ತನಕ, ಅಂದರೆ ಸಿ ಕಾಲಂನ 2ನೇ ಸಾಲಿನಿಂದ 38ನೇ ಸಾಲಿನವರೆಗೆ ಮಾತ್ರ ಕೂಡುತ್ತಿತ್ತು. ವಾಲಗ ಕೊನೆಗೆ ನೆನಪಾಗಿ 39ನೇ ಸಾಲಿಗೆ ಹೋಗಿದೆ. ಈಗ ಟೋಟಲನ್ನು ಇ ಕಾಲಂಗೆ ತಂದು, ಇಡೀ ಸಿ ಕಾಲಂ ಕೂಡುವ ಹಾಗೆ ಮಾಡಿದ್ದೇನೆ. ಕೆಳಗೆ ಎಷ್ಟು ಸಾಲು ಬೇಕಾದರೂ ಸೇರಿಸು.

ಬೇಜಾರು ಮಾಡ್ಕೋಬೇಡ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರೇ ಕೊರೊನಾ ಲೆಕ್ಕವನ್ನು ಹಳೇ ನಮೂನೆಯ ಎಕ್ಸೆಲ್ ಫೈಲಿಗೆ ತುಂಬಿದ್ದರು. ಅದು 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. 15,841 ಪಾಸಿಟಿವ್ ಕೇಸು ದಿನದ ಲೆಕ್ಕದಿಂದ ಬಿಟ್ಟುಹೋಯಿತು, ಅವರ ಜೊತೆ ಓಡಾಡಿದವರನ್ನು ಹುಡುಕುವುದೂ ತಡವಾಯಿತು. ಅಷ್ಟು ದೂರ ಯಾಕೆ, ನಾನೇ ಒಮ್ಮೆ ಆಫೀಸಿನಲ್ಲಿ ಹೆಸರಿನ ಕಾಲಂ ಒಂದನ್ನೇ ಅಕ್ಷರಕ್ರಮಕ್ಕೆ ಸಾರ್ಟ್ ಮಾಡಿಬಿಟ್ಟಿದ್ದೆ, ಪಕ್ಕದ ಕಾಲಂ ಇದ್ದಲ್ಲೇ ಉಳಿಯಿತು. ಒಬ್ಬರ ಓವರ್‌ಟೈಮ್ ಇನ್ನೊಬ್ಬರ ಹೆಸರಿಗೆ! ಚೆನ್ನಾಗಿ ಬೈಸಿಕೊಂಡೆ.

ಮೊತ್ತದ ಕಾಲಂಗೆ ಡೇಟಾ ವ್ಯಾಲಿಡೇಶನ್ ಹಾಕಿದ್ದೇನೆ. ಇನ್ನು ಟೈಪ್ ಮಾಡುವಾಗ ಸಂಖ್ಯೆ ಬಿಟ್ಟು ಬೇರೇನೂ ತಗೊಳ್ಳುವುದಿಲ್ಲ. ಆದರೆ 4,500ರ ಬದಲು 45,000 ಹೊಡೆದರೆ ಅದಕ್ಕೇನು ಗೊತ್ತಾಗುತ್ತದೆ? ಅದಕ್ಕೇ ಭಾವ, ನೋಟ್‌ಬುಕ್ ನಿಲ್ಲಿಸಬೇಡಿ. ರಾತ್ರಿ ಊಟ ಆದ ಮೇಲೆ ನೀವು ಓದುತ್ತಾ ಹೋಗಿ, ಪುಟ್ಟ ಟಿಕ್ ಹಾಕಲಿ.

ಅಕ್ಕಾ, ಹೂವಿನವರಿಗೆ ಕೊಟ್ಟಿದ್ದು ಎರಡರಲ್ಲೂ ಇಲ್ಲ. ಎಷ್ಟು ಕೊಟ್ಟೆ?