ಪರದೆಯ ಮೇಲೆ ಮೀನಿನ ಸಾಲು ಕಾಣುತ್ತಿದೆ, ಗಾಳಕ್ಕೆ ಒಂದೂ ಬೀಳುತ್ತಿಲ್ಲ: ಕೆರೆಯ ಮೀನು ಮುಗಿದುಹೋಯಿತೇ?

ಆಳನೀರು:
ಬೇಸಿಗೆ ಬಲಿತ ಮೇಲೆ ನಮ್ಮ ಕೆರೆಯಲ್ಲಿ ಗಾಳ ಹಾಕಿದವರೆಲ್ಲ ಬರಿಗೈಯಲ್ಲಿ ಹಿಂದಿರುಗುತ್ತಿದ್ದೇವೆ. ಚಳಿಗಾಲದಲ್ಲಿ ಇದೇ ಜಾಗದಲ್ಲಿ, ಇದೇ ಎರೆಗೆ ಗೆಂಡೆ, ರೋಹುಗಳು ಧಾರಾಳವಾಗಿ ಬೀಳುತ್ತಿದ್ದವು. ಈಗ ಇಡೀ ದಿನ ಕಾದರೂ ಗಾಳ ಅಲುಗುವುದಿಲ್ಲ. ಮೀನೇ ಇಲ್ಲವೆನ್ನೋಣವೆಂದರೆ, ಧ್ವನಿ ಕಳಿಸಿ ಅದರ ಪ್ರತಿಧ್ವನಿಯಿಂದ ನೀರೊಳಗಿನ ಮೀನನ್ನು ತೋರಿಸುವ ಫಿಶ್ ಫೈಂಡರ್‌ನ ಪರದೆಯ ತುಂಬ ಮೀನಿನ ಗುರುತುಗಳು ಸಾಲುಗಟ್ಟಿ ನಿಂತಿರುತ್ತವೆ. ಕೆರೆಯ ಮೀನು ಮುಗಿದಿದೆ, ಹೊಸದಾಗಿ ಮರಿ ಬಿಡೋಣ ಎಂದು ಜೊತೆಗಾರರು ಹಟ ಹಿಡಿದಿದ್ದಾರೆ. ಯಂತ್ರ ಸುಳ್ಳು ಹೇಳುತ್ತಿದೆಯೋ, ಮೀನು ನಮ್ಮನ್ನು ವಂಚಿಸುತ್ತಿದೆಯೋ ತಿಳಿಯದೆ ತಲೆ ಕೆಟ್ಟುಹೋಗಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಬೆಂಡುಗಾಳ:
ಕಾರಣ ಸ್ಪಷ್ಟವಾಗಿದೆ, ಎರೆ ಬದಲಾಯಿಸಿ. ಒಂದೇ ಬಗೆಯ ಎರೆಯನ್ನು ತಿಂಗಳುಗಟ್ಟಲೆ ಕಂಡ ಗೆಂಡೆ ಅದರ ಹತ್ತಿರವೂ ಸುಳಿಯುವುದಿಲ್ಲ, ಏಕೆಂದರೆ ಒಮ್ಮೆ ಗಾಳ ಚುಚ್ಚಿಸಿಕೊಂಡು ಬಿಡಿಸಿಕೊಂಡ ಗೆಂಡೆ ಆ ಅನುಭವವನ್ನು ಬಹುಕಾಲ ಮರೆಯುವುದಿಲ್ಲ. ಹಿಟ್ಟಿನ ಉಂಡೆ ಬಳಸುತ್ತಿದ್ದರೆ ಎರೆಹುಳುವಿಗೆ ಬನ್ನಿ, ಎರೆಹುಳು ಬಳಸುತ್ತಿದ್ದರೆ ನೆನೆಸಿ ಬೇಯಿಸಿದ ಜೋಳದ ಕಾಳಿಗೆ ಬನ್ನಿ. ಗಾಳವನ್ನೂ ಎರಡು ಅಳತೆ ಚಿಕ್ಕದಾಗಿಸಿ.

ಸಣ್ಣದಾರ:
ಎರೆಯಲ್ಲ, ದಾರ. ಬೆಳಕನ್ನು ಬಾಗಿಸುವ ಅಳತೆಯಾದ ವಕ್ರೀಭವನ ಸೂಚ್ಯಂಕ ನೀರಿನದಕ್ಕೆ ಹತ್ತಿರವಿದ್ದಷ್ಟೂ ದಾರ ಕಾಣುವುದು ಕಡಿಮೆ. ನೀರಿನದು 1.33, ಫ್ಲೋರೋಕಾರ್ಬನ್ ದಾರದ್ದು ಸುಮಾರು 1.42, ನೈಲಾನಿನದು 1.5ಕ್ಕೂ ಮೇಲೆ. ಬೇಸಿಗೆಯ ಪ್ರಖರ ಬೆಳಕಿನಲ್ಲಿ ನೈಲಾನ್ ದಾರ ಮೀನಿನ ಕಣ್ಣಿಗೆ ಬೀಳದೆ ಇರಲಾರದು. ಗಾಳದ ಮೇಲಿನ ಒಂದು ಮೀಟರಿನಷ್ಟು ಭಾಗವನ್ನಾದರೂ ಫ್ಲೋರೋಕಾರ್ಬನ್‌ಗೆ ಬದಲಾಯಿಸಿ ನೋಡಿ.

ಪಾಚಿಗನ್ನಡಿ:
ಆಳನೀರು ಅವರೇ, ಎರೆ ಮತ್ತು ದಾರದ ಮಾತಿಗೆ ಮುನ್ನ ಕೆಲವು ಸಂಗತಿಗಳನ್ನು ತಿಳಿಸಿ. ಕೆರೆಯ ಆಳವೆಷ್ಟು? ಪರದೆಯ ಮೇಲಿನ ಗುರುತುಗಳು ಎಷ್ಟು ಮೀಟರ್ ಆಳದಲ್ಲಿವೆ? ನಿಮ್ಮ ಎರೆ ಯಾವ ಆಳದಲ್ಲಿರುತ್ತದೆ? ಯಂತ್ರದಲ್ಲಿ ಮೀನಿನ ಚಿತ್ರ ತೋರಿಸುವ ಆಯ್ಕೆಯನ್ನು ಹಾಕಿಕೊಂಡಿದ್ದೀರಾ? ಗಾಳಿ ಯಾವ ದಡದಿಂದ ಯಾವ ದಡಕ್ಕೆ ಬೀಸುತ್ತದೆ, ನೀವು ಕೂರುವುದು ಯಾವ ಬದಿಯಲ್ಲಿ?

ಸಣ್ಣದಾರ:
ಇಷ್ಟೆಲ್ಲ ಪ್ರಶ್ನೆ ಏತಕ್ಕೆ? ದಾರ ಬದಲಾಯಿಸಿ ನೋಡುವುದು ಒಂದು ಸಂಜೆಯ ಕೆಲಸ.

ಬೆಂಡುಗಾಳ:
ದಾರ ಕಂಡರೂ ಹಸಿದ ಗೆಂಡೆ ಕಚ್ಚುತ್ತದೆ. ಹಗ್ಗದಂತಹ ಹೆಣೆದ ದಾರದಲ್ಲಿಯೇ ದೊಡ್ಡ ಗೆಂಡೆಗಳನ್ನು ಎತ್ತಿದ್ದೇನೆ. ಫ್ಲೋರೋಕಾರ್ಬನ್ ಗಡುಸಾದ ವಸ್ತು, ಗಂಟು ಹಾಕುವಾಗ ಒದ್ದೆ ಮಾಡದೆ ಎಳೆದರೆ ಗಂಟಿನಲ್ಲೇ ಸೀಳಿಕೊಳ್ಳುತ್ತದೆ. ಅನುಭವವಿಲ್ಲದವರಿಗೆ ಅದನ್ನು ಸೂಚಿಸಬಾರದು.

ಸಣ್ಣದಾರ:
ಗಂಟನ್ನು ಒದ್ದೆ ಮಾಡಬೇಕೆಂಬುದು ನೈಲಾನಿಗೂ ಅನ್ವಯಿಸುವ ಮಾತು. ಹೆಣೆದ ದಾರ ಹಿಗ್ಗುವುದೇ ಇಲ್ಲ, ಮೀನು ಒಮ್ಮೆಲೇ ಎಳೆದಾಗ ಬಾಯಿ ಹರಿದು ತಪ್ಪಿಸಿಕೊಳ್ಳುತ್ತದೆ. ಅದನ್ನು ಹೊಗಳುವವರು ಈ ಮಾತನ್ನೂ ಜೊತೆಗೇ ಹೇಳಬೇಕು.

ಆಳನೀರು:
ಮೀನು ಕಚ್ಚುತ್ತಲೇ ಇಲ್ಲದಿರುವಾಗ ಬಾಯಿ ಹರಿಯುವ ಮಾತೆಲ್ಲಿ ಬಂತು? ಪಾಚಿಗನ್ನಡಿಯವರ ಪ್ರಶ್ನೆಗಳಿಗೆ ಉತ್ತರ ಹೀಗಿದೆ. ನಾವು ಕೂರುವಲ್ಲಿಂದ ಎಸೆತದ ದೂರದಲ್ಲಿ ಆಳ 8ರಿಂದ 9 ಮೀಟರ್. ಗುರುತುಗಳು 5 ಮೀಟರಿನ ಆಸುಪಾಸಿನಲ್ಲಿ, ದೋಣಿ ಎಲ್ಲಿಗೆ ಹೋದರೂ ಅದೇ ಆಳದಲ್ಲಿ ಇರುತ್ತವೆ. ಮೀನಿನ ಚಿತ್ರದ ಆಯ್ಕೆ ಯಂತ್ರ ಕೊಂಡಾಗಿನಿಂದಲೂ ಹಾಕಿಯೇ ಇದೆ. ಗೆಂಡೆ ತಳದಲ್ಲಿ ಮೇಯುವ ಮೀನಾದ್ದರಿಂದ ಎರೆಯನ್ನು ತಳಕ್ಕೇ ಇಳಿಸುತ್ತೇವೆ. ಗಾಳಿಯ ಕಾಟವಿಲ್ಲದ ಮರೆಯ ದಡದಲ್ಲಿ ಕೂರುತ್ತೇವೆ, ಗಾಳಿ ನಮ್ಮ ಬೆನ್ನಿನಿಂದ ಎದುರು ದಡಕ್ಕೆ ಬೀಸುತ್ತದೆ. ನೀರು ಹಸಿರಾಗಿದೆ. ಇನ್ನೊಂದು ಮಾತು, ಇತ್ತೀಚೆಗೆ ಸೀಸದ ಗುಂಡನ್ನು ಮೇಲೆಳೆದಾಗ ಅದಕ್ಕೆ ಮೆತ್ತಿದ ಕಪ್ಪು ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಕೈ ತೊಳೆದರೂ ವಾಸನೆ ಬೇಗ ಹೋಗುವುದಿಲ್ಲ.

ಬೆಂಡುಗಾಳ:
ಹಾಗಾದರೆ ಎರೆಗೇ ಕೆಸರಿನ ವಾಸನೆ ಹತ್ತುತ್ತಿದೆ. ತಳದಿಂದ ಒಂದು ಗೇಣು ಮೇಲೆ ತೇಲುವಂತೆ ಎರೆ ಕಟ್ಟಿ, ಬೆಳ್ಳುಳ್ಳಿಯ ರಸ ಸವರಿ.

ಪಾಚಿಗನ್ನಡಿ:
ಆ ವಾಸನೆಯಲ್ಲಿಯೇ ಉತ್ತರದ ಬಹುಪಾಲು ಇದೆಯೆಂದು ನನ್ನ ಅಭಿಪ್ರಾಯ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಪರಿವರ್ತಿಸುತ್ತವೆ, ಕೊಳೆತ ಮೊಟ್ಟೆಯ ವಾಸನೆ ಅದರದು.

ಬೇಸಿಗೆಯಲ್ಲಿ ಕೆರೆಯ ಮೇಲಿನ ನೀರು ಕಾಯ್ದು ಹಗುರಾಗಿ, ತಣ್ಣಗಿನ ಭಾರವಾದ ನೀರಿನ ಮೇಲೆ ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ. ನೀರು ಬೆಚ್ಚಗಿದ್ದಷ್ಟೂ ಒಂದೊಂದು ಡಿಗ್ರಿಯ ವ್ಯತ್ಯಾಸಕ್ಕೆ ಸಾಂದ್ರತೆ ಹೆಚ್ಚು ಹೆಚ್ಚು ಬದಲಾಗುವುದರಿಂದ, ನಾಲ್ಕೈದು ಡಿಗ್ರಿಗಳ ಅಂತರವಿದ್ದರೂ ಸಾಧಾರಣ ಗಾಳಿಗೆ ಈ ಎರಡು ಪದರಗಳನ್ನು ಕಲಸಲು ಸಾಧ್ಯವಾಗುವುದಿಲ್ಲ. ನಡುವೆ ಉಷ್ಣತೆ ಥಟ್ಟನೆ ಇಳಿಯುವ ಪಟ್ಟಿಯೇ ಥರ್ಮೋಕ್ಲೈನ್. ಅದರ ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪಿಹೋಗುತ್ತದೆ, ಮೇಲಿನಿಂದ ಉದುರುವ ಸತ್ತ ಪಾಚಿ ಅಲ್ಲಿ ಕೊಳೆಯುತ್ತ ಇದ್ದ ಆಮ್ಲಜನಕವನ್ನೂ ಮುಗಿಸುತ್ತದೆ. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು ಇಡೀ ಕೆರೆ ಒಂದಾಗಿ ಕಲಸಿಕೊಂಡಿದ್ದುದರಿಂದ ಆಗ ತಳದಲ್ಲಿಯೂ ಮೀನು ಮೇಯುತ್ತಿತ್ತು. ಗೆಂಡೆ ಕಡಿಮೆ ಆಮ್ಲಜನಕವನ್ನು ಇತರ ಮೀನುಗಳಿಗಿಂತ ಹೆಚ್ಚು ಸಹಿಸುತ್ತದೆಯಾದರೂ, ಇಲ್ಲವೇ ಇಲ್ಲದ ಕಡೆ ಮೇಯಲು ಹೋಗುವುದಿಲ್ಲ. ಹಾಗಾಗಿ ನಿಮ್ಮ ಎರೆ ಮೀನು ಬರಲಾಗದ ಜಾಗದಲ್ಲಿ ಕುಳಿತಿದೆ ಎಂಬ ಸಂದೇಹ ನನ್ನದು.

ಪರದೆಯ ಸಾಲಿನ ಬಗ್ಗೆಯೂ ಅನುಮಾನವಿದೆ. ಯಂತ್ರಕ್ಕೆ ಗೊತ್ತಾಗುವುದು ಪ್ರತಿಧ್ವನಿ ಮಾತ್ರ, ಮೀನಲ್ಲ. ಮೀನಿನ ಪ್ರತಿಧ್ವನಿಯ ಬಹುಭಾಗ ಅದರ ಗಾಳಿಚೀಲದಿಂದ ಬರುತ್ತದೆ, ಆದ್ದರಿಂದ ಕೆಸರಿನಿಂದೇಳುವ ಗುಳ್ಳೆಗಳನ್ನೂ ಚಿತ್ರದ ಆಯ್ಕೆ ಮೀನೆಂದೇ ತೋರಿಸಬಹುದು. ಥರ್ಮೋಕ್ಲೈನಿನಲ್ಲಿ ತಂಗುವ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು), ಕೊಳೆತ ಕಣಗಳು ಸಹ ಪ್ರತಿಧ್ವನಿ ಕೊಡುತ್ತವೆ. ದೋಣಿ ಎಲ್ಲಿಗೆ ಹೋದರೂ ಒಂದೇ ಆಳದಲ್ಲಿ ಕಾಣುವ ಸಾಲು ಮೀನಿನ ಹಿಂಡಿನ ಲಕ್ಷಣವಲ್ಲ. ಆ ಆಯ್ಕೆಯನ್ನು ತೆಗೆದು, ಸಂವೇದನೆಯನ್ನು ಸ್ವಲ್ಪ ಏರಿಸಿ, ಬರಿಯ ಪ್ರತಿಧ್ವನಿಯನ್ನು ನೋಡಿ.

ಎರಡುಹುಟ್ಟು:
ಪಾಚಿಗನ್ನಡಿಯವರು ಹೇಳಿದ್ದು ಸರಿ. ನನ್ನ ದೋಣಿಗೆ ಎರಡು ಸಂವೇದಕಗಳನ್ನು ಕೂಡಿಸಿದ್ದೇನೆ, ಒಂದು 200 ಕಿಲೋಹರ್ಟ್ಸಿನದು, ಇನ್ನೊಂದು 83ರದು. 200ರದು ಕೆಳಗೆ ಕಳಿಸುವ ಧ್ವನಿಯ ಶಂಕು ಸುಮಾರು 20 ಡಿಗ್ರಿ, ಅಂದರೆ 6 ಮೀಟರ್ ಆಳದಲ್ಲಿ ಎರಡು ಮೀಟರಿಗಿಂತ ತುಸು ಹೆಚ್ಚು ಅಗಲದ ವೃತ್ತವಷ್ಟೇ ಕಾಣುತ್ತದೆ. 83ರದು ಅದಕ್ಕಿಂತ ಬಹಳ ಅಗಲ. ಎರಡನ್ನೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ತೆರೆದಿಡುತ್ತೇನೆ. ಒಂದು ಮಾತು ಸೇರಿಸುತ್ತೇನೆ. ದೋಣಿ ನಿಂತಿರುವಾಗ ಅದರ ಕೆಳಗೇ ನಿಂತ ಒಂದೇ ಮೀನು ಪರದೆಯ ಮೇಲೆ ಉದ್ದನೆಯ ಗೆರೆಯಾಗಿ ಕಾಣುತ್ತದೆ, ದೋಣಿ ಸಾಗುತ್ತಿದ್ದರೆ ಕಮಾನಿನಂತೆ ಕಾಣುತ್ತದೆ. ಕಮಾನುಗಳನ್ನು ಹುಡುಕಿ.

ಗೆಂಡೆಪ್ರಿಯ:
ಪದರದ ಮಾತನ್ನು ಒಪ್ಪುತ್ತೇನೆ, ಆದರೆ ಮೂಲ ಪ್ರಶ್ನೆ ಮೀನು ಮುಗಿದಿದೆಯೇ ಎಂಬುದು. ಗಂಟೆಗೆ ಎಷ್ಟು ಮೀನು ಬೀಳುತ್ತದೆ ಎಂಬ ಲೆಕ್ಕವನ್ನು ಇಟ್ಟಿದ್ದೀರಾ? ಅದು ಇಳಿದಿದ್ದರೆ ಮೀನಿನ ಸಂಖ್ಯೆಯೂ ಇಳಿದಿದೆಯೆಂದೇ ತಿಳಿಯಬೇಕು.

ಪಾಚಿಗನ್ನಡಿ:
ಆ ಲೆಕ್ಕ ಇಡುವುದು ಒಳ್ಳೆಯದೇ. ಆದರೆ ಗಂಟೆಯ ಹಿಡಿತವು ಮೀನಿನ ಸಂಖ್ಯೆಯನ್ನು ಮಾತ್ರವಲ್ಲದೆ, ನಮ್ಮ ಗಾಳ ಇರುವಲ್ಲಿ ಮೀನು ಇದೆಯೇ ಎಂಬುದನ್ನೂ ಅವಲಂಬಿಸಿದೆ. ಸಂಖ್ಯೆ ಕದಲದಿದ್ದರೂ ಮೀನು ಮೇಲಿನ ಪದರಕ್ಕೆ ಸರಿದರೆ ತಳದ ಗಾಳದ ಹಿಡಿತ ಸೊನ್ನೆಯಾಗುತ್ತದೆ.

ಗೆಂಡೆಪ್ರಿಯ:
ಹಾಗಿದ್ದರೆ ಗುರುತು ಹಾಕಿ ಎಣಿಸುವ ಪೀಟರ್ಸನ್ ವಿಧಾನವೇ ದಾರಿ. 100 ಮೀನಿಗೆ ಗುರುತು ಹಾಕಿ ಬಿಟ್ಟು, ಮುಂದೆ 80 ಮೀನು ಹಿಡಿದಾಗ ಅವುಗಳಲ್ಲಿ 10ಕ್ಕೆ ಗುರುತಿದ್ದರೆ, 100ನ್ನು 80ರಿಂದ ಗುಣಿಸಿ 10ರಿಂದ ಭಾಗಿಸಬೇಕು. ಒಟ್ಟು 800 ಎಂದಾಗುತ್ತದೆ. ಇದನ್ನು ಮಾಡದೆ ಮರಿ ಬಿಡುವ ಅಥವಾ ಬಿಡದಿರುವ ಮಾತೇ ಆಡಬಾರದು.

ಪಾಚಿಗನ್ನಡಿ:
ಲೆಕ್ಕ ಸರಿಯಿದೆ, ಆದರೆ ಗುರುತು ಹಾಕಿದ ಮೀನುಗಳು ಉಳಿದವುಗಳೊಂದಿಗೆ ಚೆನ್ನಾಗಿ ಬೆರೆಯಬೇಕು, ಗುರುತು ಕಳಚಬಾರದು, ಗುರುತಿನ ಗಾಯದಿಂದ ಮೀನು ಸಾಯಲೂಬಾರದು. ಗುರುತಿನ ಮೀನು ಸತ್ತರೆ ಅಂದಾಜು ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. ಬಿಸಿ ನೀರಿನಲ್ಲಿ ಹಿಡಿದು ಬಿಟ್ಟ ಮೀನು ಸಾಯುವ ಸಂಭವ ಹೆಚ್ಚಾದ್ದರಿಂದ ಬೇಸಿಗೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅದಕ್ಕಿಂತ ಮೊದಲು ನೀರನ್ನು ಅಳೆಯಿರಿ. ಬಿರಡೆ ಹಾಕಿದ ಖಾಲಿ ಬಾಟಲಿಗೆ ಭಾರ ಕಟ್ಟಿ, ಬೇಕಾದ ಆಳಕ್ಕೆ ಇಳಿಸಿ, ಬಿರಡೆಗೆ ಕಟ್ಟಿದ ಎರಡನೆಯ ದಾರವನ್ನು ಜಗ್ಗಿದರೆ ಆ ಆಳದ ನೀರು ತುಂಬಿಕೊಳ್ಳುತ್ತದೆ. ಮೇಲೆಳೆದ ತಕ್ಷಣ ಅದರೊಳಗೆ ಉಷ್ಣತೆ ನೋಡಿ. ಹೀಗೆ ತುಂಬುವ ನೀರಿಗೆ ಬಾಟಲಿಯ ಗಾಳಿ ತಗಲುವುದರಿಂದ ಆಮ್ಲಜನಕದ ಅಳತೆ ತುಸು ಹೆಚ್ಚೇ ಬರುತ್ತದೆ, ಹಾಗಿದ್ದೂ ಕಡಿಮೆ ಕಂಡರೆ ಅನುಮಾನ ಉಳಿಯುವುದಿಲ್ಲ. ಆಮ್ಲಜನಕ ಅಳೆಯಲು ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನದ ಪರೀಕ್ಷಾ ಕಿಟ್ ಸಿಕ್ಕರೆ ಸಾಕು.

ಕೆಸರು ಎಷ್ಟೋ ಆರೋಗ್ಯವಂತ ಕೆರೆಗಳಲ್ಲಿಯೂ ನಾರುತ್ತದೆ, ಆದ್ದರಿಂದ ತಳದ ನೀರೇ ನಾರುತ್ತದೆಯೇ ಎಂಬುದನ್ನು ಮೂಸಿ ನೋಡಿ. ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯುವ, ಕಪ್ಪು ಬಿಳುಪು ಕಾಲುಭಾಗಗಳ 20 ಸೆಂಟಿಮೀಟರ್ ವ್ಯಾಸದ ಸೆಕ್ಕಿ ತಟ್ಟೆಯನ್ನು ಇಳಿಸಿ, ಯಾವ ಆಳದಲ್ಲಿ ಕಣ್ಮರೆಯಾಗುತ್ತದೆ ಎಂಬುದನ್ನೂ ಬರೆದುಕೊಳ್ಳಿ.

ಆಳನೀರು:
ಅಳೆದ ವಿವರ ಇಲ್ಲಿದೆ. ಮಧ್ಯಾಹ್ನದ ಮೇಲೆ ಮೇಲ್ಮೈ ನೀರು 29 ಡಿಗ್ರಿ, 3 ಮೀಟರಿನಲ್ಲಿ 28.5, 4ರಲ್ಲಿ 28, 5ರಲ್ಲಿ 25.5, 6ರಲ್ಲಿ 24, ತಳದಲ್ಲಿ 23. ಸೆಕ್ಕಿ ತಟ್ಟೆ 70 ಸೆಂಟಿಮೀಟರಿಗೆ ಕಣ್ಮರೆಯಾಯಿತು. ಕಿಟ್‌ನ ಮೊದಲ ಎರಡು ದ್ರಾವಣಗಳನ್ನು ಹಾಕಿ ಅಲುಗಿಸಿದಾಗ 3 ಮೀಟರಿನ ನೀರಿನಲ್ಲಿ ದಟ್ಟ ಕಂದು ಗಸಿ ಇಳಿಯಿತು. 7 ಮೀಟರಿನ ನೀರಿನಲ್ಲಿ ಇಳಿದ ಗಸಿ ಬೆಳ್ಳಗೇ ಉಳಿಯಿತು, ಕಂದಿನ ಛಾಯೆಯೂ ಬರಲಿಲ್ಲ. ಆ ನೀರು ಬಿರಡೆ ತೆಗೆದೊಡನೆ ನಾರುತ್ತಿತ್ತು. ಚಿತ್ರದ ಆಯ್ಕೆ ತೆಗೆದ ಮೇಲೆ ಪರದೆಯಲ್ಲಿ ಮೀನುಗಳೆಲ್ಲ ಹೋಗಿ, 5 ಮೀಟರಿನ ಆಳದಲ್ಲಿ ಮಸುಕಾದ ಒಂದು ಪಟ್ಟಿ ಉಳಿಯಿತು. ಅದರ ಮೇಲೆ, 2ರಿಂದ 4 ಮೀಟರಿನ ನಡುವೆ, ಅಲ್ಲಲ್ಲಿ ಕೆಲವು ಕಮಾನುಗಳು ಕಂಡವು.

ಪಾಚಿಗನ್ನಡಿ:
ಕಂದು ಬಣ್ಣ ಬರುವುದು ಆಮ್ಲಜನಕ ಮ್ಯಾಂಗನೀಸನ್ನು ಉತ್ಕರ್ಷಿಸಿದಾಗ ಮಾತ್ರ. ಗಸಿ ಬೆಳ್ಳಗೆ ಉಳಿಯಿತೆಂದರೆ 7 ಮೀಟರಿನಲ್ಲಿ ಉಸಿರಾಡಲು ಏನೂ ಇಲ್ಲ. ನಿಮ್ಮ ಕೆರೆಯಲ್ಲಿ ಮೀನು ಬಾಳಬಲ್ಲ ನೀರು ಈಗ ಮೇಲಿನ ನಾಲ್ಕು ಮೀಟರ್ ಮಾತ್ರ. ಬೆಳಕು ಸಾಲುವ ಆಳ ಸಾಮಾನ್ಯವಾಗಿ ಸೆಕ್ಕಿ ಆಳದ ಎರಡು ಮೂರು ಪಟ್ಟು, ಅಂದರೆ ಪಾಚಿ ಆಮ್ಲಜನಕ ತಯಾರಿಸುವುದು ಮೇಲಿನ ಒಂದೂವರೆ ಎರಡು ಮೀಟರಿನಲ್ಲಷ್ಟೇ. ಇಂತಹ ನೀರಿನಲ್ಲಿ ಆಳಕ್ಕೆ ಹೋದ ದಾರ ಮೀನಿಗೆ ಕಾಣುವ ಪ್ರಶ್ನೆಯೂ ಏಳುವುದಿಲ್ಲ.

ಎದುರು ದಡಕ್ಕೆ ಹೋಗಿ. ಗಾಳಿ ಬೆಚ್ಚಗಿನ ನೀರನ್ನೂ ಪ್ಲವಕವನ್ನೂ ಆ ಕಡೆಗೆ ತಳ್ಳುವುದರಿಂದ ಅಲ್ಲಿ ಮೇಲಿನ ಪದರ ದಪ್ಪವಾಗಿರುತ್ತದೆ, ನೀವು ಕೂರುವ ಮರೆಯ ದಡದಲ್ಲಿ ತೆಳ್ಳಗಾಗಿರುತ್ತದೆ. ಅಲ್ಲಿ ನೀರಿನ ಆಳವೇ 2ರಿಂದ 4 ಮೀಟರ್ ಇರುವ ಇಳಿಜಾರನ್ನು ಹುಡುಕಿ ಗೆಂಡೆಗೆ ತಳದಲ್ಲಿ ಎರೆ ಇಡಿ. ರೋಹುವಿಗೆ ಆಳದ ನೀರಿನ ಮೇಲೆ ಬೆಂಡು ಕಟ್ಟಿ ನಡುನೀರಿನಲ್ಲಿ ಎರೆ ತೂಗಿಸಿ.

ಸಣ್ಣದಾರ:
ಹಸಿರು ನೀರೆಂಬುದನ್ನು ಮೊದಲೇ ಬರೆದಿದ್ದರೆ ನನ್ನ ಸಲಹೆ ಬೇರೆಯಾಗಿರುತ್ತಿತ್ತು. ತಿಳಿನೀರಿನಲ್ಲಿ ಫ್ಲೋರೋಕಾರ್ಬನ್ ಮೇಲೆಂಬ ಮಾತಿಗೆ ಮಾತ್ರ ಬದ್ಧನಾಗಿದ್ದೇನೆ.

ಆಳನೀರು:
ಎದುರು ದಡದ ಇಳಿಜಾರಿನಲ್ಲಿ ಬೆಳಗಿನ ಹೊತ್ತು ಮೀನು ಬಿದ್ದಿತು. ಒಂದು ಗೆಂಡೆ 42 ಸೆಂಟಿಮೀಟರ್ ಉದ್ದ, 1150 ಗ್ರಾಂ ತೂಕ. ಬೆಂಡಿಗೆ ಬಿದ್ದ ರೋಹು 38 ಸೆಂಟಿಮೀಟರ್, 600 ಗ್ರಾಂ. ಎರೆ, ದಾರ ಎಲ್ಲವೂ ಹಳೆಯವೇ.

ಬೆಂಡುಗಾಳ:
ಸಂತೋಷ. ಆದರೂ ಜೋಳದ ಕಾಳು ಹಾಕಿದ್ದರೆ ಇನ್ನೂ ಹೆಚ್ಚು ಬೀಳುತ್ತಿತ್ತೆಂಬುದು ನನ್ನ ದೃಢವಾದ ನಂಬಿಕೆ.

ಗೆಂಡೆಪ್ರಿಯ:
ಮೀನು ಎಷ್ಟು ಮೈತುಂಬಿಕೊಂಡಿದೆ ಎಂಬುದನ್ನು ತಿಳಿಯಲು ಗ್ರಾಂ ತೂಕವನ್ನು ನೂರರಿಂದ ಗುಣಿಸಿ ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿದರೆ ಗೆಂಡೆಗೆ 1.55, ರೋಹುವಿಗೆ 1.09 ಬರುತ್ತದೆ. ಹಸಿವಿನಿಂದ ಸೊರಗಿ ತಲೆ ದೊಡ್ಡದಾಗಿ ಕಾಣುವ ಮೀನಿನ ಅಂಕಿಗಳಲ್ಲ ಇವು. ಹಾಗಾಗಿ ಮೇವಿಗೆ ಬರವಿಲ್ಲ, ಮರಿ ಬಿಟ್ಟರೆ ಬೆಳೆಯುತ್ತವೆ.

ಪಾಚಿಗನ್ನಡಿ:
ಎರಡು ಮೀನಿನಿಂದ ಅಷ್ಟು ದೂರ ಹೋಗುವುದು ಬೇಡ. ಆಳನೀರು ಅವರೇ, ಮರಿ ಬಿಡುವುದನ್ನು ದಯವಿಟ್ಟು ಮುಂದಕ್ಕೆ ಹಾಕಿಸಿ. ಇರುವ ಮೀನೆಲ್ಲ ಅರ್ಧ ಕೆರೆಯಲ್ಲಿ ಒತ್ತಿಕೊಂಡಿರುವಾಗ ಹೊಸ ಬಾಯಿಗಳನ್ನು ಸೇರಿಸಿದರೆ ಇರುವವುಗಳಿಗೂ ಕುತ್ತು. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿಯೆಲ್ಲ ಅದನ್ನು ಬಳಸುವುದರಿಂದ, ಸೂರ್ಯೋದಯಕ್ಕೆ ತುಸು ಮುಂಚೆ ಅದು ಅತ್ಯಂತ ಕಡಿಮೆಯಾಗಿರುತ್ತದೆ. ಆ ಹೊತ್ತಿನಲ್ಲಿ 1 ಮತ್ತು 3 ಮೀಟರಿನ ನೀರನ್ನು ಅಳೆಯಿರಿ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗಿದ್ದರೆ ಅಪಾಯ. ಜೋರಾದ ಬಿರುಗಾಳಿ ಮಳೆಯ ನಂತರ ತಳದ ನೀರು ಮೇಲೆ ಬಂದು ಕಲಸಿಕೊಂಡರೆ ಮೀನುಗಳು ಒಂದೇ ರಾತ್ರಿಯಲ್ಲಿ ರಾಶಿಯಾಗಿ ಸಾಯಬಹುದು. ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರೆಳೆಯುವ ಮೀನು ಕಂಡರೆ ಅಂದು ಗಾಳ ಹಾಕಬೇಡಿ.

ಆಳನೀರು:
ಜೊತೆಗಾರರಿಗೆ ಬಿಳಿ ಗಸಿಯ ಬಾಟಲಿಯನ್ನೇ ತೋರಿಸಿದೆ. ನಸುಕಿನ ಅಳತೆ ಬರುವವರೆಗೆ ಮರಿ ಬಿಡುವುದಿಲ್ಲವೆಂದು ಒಪ್ಪಿದ್ದಾರೆ. ಒಂದು ಸಂದೇಹ ಉಳಿದಿದೆ. ಕತ್ತಲಾದ ಮೇಲೆ ಯಂತ್ರ ಹಾಕಿದರೆ 5 ಮೀಟರಿನ ಪಟ್ಟಿ ಎರಡಾಗಿ ಒಡೆಯುತ್ತದೆ. ಒಂದು ಅಲ್ಲೇ ನಿಲ್ಲುತ್ತದೆ, ಇನ್ನೊಂದು ನಿಧಾನವಾಗಿ ಮೇಲ್ಮೈಯತ್ತ ಏರುತ್ತದೆ. ನೀರಿನ ಪದರ ಹಾಗೆ ಏರುವುದುಂಟೇ?

ಪಾಚಿಗನ್ನಡಿ:
ಇಲ್ಲ, ಏರುವುದು ಜೀವಿಗಳು. ಕೇಯೊಬೋರಸ್ ಎಂಬ ನೊಣಜಾತಿಯ ಕೀಟದ ಮರಿಹುಳುಗಳಿರಬಹುದು. ಒಂದು ಸೆಂಟಿಮೀಟರಿನಷ್ಟು ಉದ್ದದ, ಪಾರದರ್ಶಕ ಮೈಯ ಈ ಹುಳುಗಳು ಹಗಲಿನಲ್ಲಿ ಮೀನು ಬರಲಾಗದ ಆಮ್ಲಜನಕವಿಲ್ಲದ ನೀರಿನಲ್ಲಿ ಅಡಗಿದ್ದು, ರಾತ್ರಿ ಮೇಲೇರಿ ಪ್ಲವಕವನ್ನು ತಿನ್ನುತ್ತವೆ. ಅವುಗಳ ಮೈಯೊಳಗೆ ಎರಡು ಜೊತೆ ಗಾಳಿಚೀಲಗಳಿರುವುದರಿಂದ ನಿಮ್ಮ ಯಂತ್ರಕ್ಕೆ ಸಿಕ್ಕಿಬೀಳುತ್ತವೆ. ಸಣ್ಣ ಕಣ್ಣಿನ ಬಲೆಯನ್ನು ರಾತ್ರಿ 2 ಮೀಟರಿನಲ್ಲಿ ಎಳೆದು, ಬಂದದ್ದನ್ನು ಬಿಳಿ ತಟ್ಟೆಯಲ್ಲಿ ಸುರಿದು ಟಾರ್ಚ್ ಬೆಳಕಿನಲ್ಲಿ ನೋಡಿ.

ಎರಡುಹುಟ್ಟು:
ನನ್ನ 200ರ ಪರದೆಯಲ್ಲಿಯೂ ಕತ್ತಲಾದ ಮೇಲೆ ಅಂತಹ ಪಟ್ಟಿ ಏರುವುದನ್ನು ಕಂಡಿದ್ದೇನೆ, 83ರಲ್ಲಿ ಅದು ಬಲು ಮಸುಕು. ಬಲೆಯ ಕಣ್ಣು ಎಷ್ಟು ಸಣ್ಣದಿರಬೇಕು?