ಗ್ಯಾರೇಜಿನಲ್ಲಿ ಗಾಲ್ಫ್ ಕ್ಲಬ್ ಜೋಡಿಸುವ ಕೆಲಸ: ಬೆಂಚು ಎಲ್ಲಿ ಹಾಕಲಿ?

ಪ್ರಶ್ನೆ:

ನಮಸ್ಕಾರ. ಎರಡು ವರ್ಷದಿಂದ ಊಟದ ಮೇಜಿನ ಮೇಲೆಯೇ ಗ್ರಿಪ್ ಬದಲಿಸುತ್ತಿದ್ದೇನೆ. ನನ್ನದು, ಜೊತೆಗೆ ಆಡುವವರದು ಸೇರಿ ಐದಾರು ಸೆಟ್ ಆಗಿರಬಹುದು. ಈಗ ಶಾಫ್ಟ್ (ಕ್ಲಬ್ಬಿನ ಉದ್ದನೆಯ ಕೋಲು) ಕೂಡ ನಾನೇ ಹಾಕಬೇಕು ಅನ್ನೋ ಆಸೆ ಬಂದಿದೆ. ಗ್ಯಾರೇಜ್ ಖಾಲಿ ಇದೆ, 10 ಅಡಿ ಅಗಲ, 18 ಅಡಿ ಉದ್ದ. ಒಂದು ಬಲ್ಬು, ಒಂದು ಪ್ಲಗ್, ಒಂದು ಸಣ್ಣ ಕಿಟಕಿ. ಬೆಂಚನ್ನು ಹಿಂದಿನ ಮೂಲೆಗೆ ಒತ್ತಿ ಹಾಕಿದರೆ ಜಾಗ ಉಳಿಯುತ್ತದೆ ಅಲ್ವಾ? ಲಾಫ್ಟ್ ಮತ್ತು ಲೈ (ಚೆಂಡಿಗೆ ತಾಗುವ ಹೆಡ್ ವಾಲಿರುವ ಕೋನಗಳು) ಬದಲಿಸಲು ಬಗ್ಗಿಸುವ ಮೆಷಿನ್ ಈಗಲೇ ತೆಗೆದುಕೊಳ್ಳಬೇಕಾ? ಎಲ್ಲಾ ಒಂದೇ ಸಲ ಕೊಳ್ಳೋಕೆ ಆಗುವುದಿಲ್ಲ.

ಉತ್ತರ 1:

ಮೂಲೆ ಬೇಡ. ನಾನೂ ಮೊದಲು ಮೂಲೆಗೇ ಹಾಕಿದ್ದೆ, ಒಂದೇ ವಾರಕ್ಕೆ ಬೋಲ್ಟ್ ಬಿಚ್ಚಿ ಬೆಂಚನ್ನು ಈಚೆಗೆ ಎಳೆದೆ. ಡ್ರೈವರ್, ಅಂದರೆ ಸೆಟ್ಟಿನ ಅತಿ ಉದ್ದದ ಕ್ಲಬ್, ಸುಮಾರು 45 ಇಂಚು ಇರುತ್ತದೆ. ಗ್ರಿಪ್ ಹಾಕುವಾಗ ಅದನ್ನು ವೈಸ್‌ನಲ್ಲಿ ಅಡ್ಡ ಹಿಡಿಯುತ್ತೀರಿ. ಹೆಡ್ ಕಡೆ ಮೂರು ಅಡಿ ಚಾಚಿಕೊಳ್ಳುತ್ತದೆ. ಇನ್ನೊಂದು ಕಡೆ ನೀವು ನೆಟ್ಟಗೆ ನಿಂತು, ಗ್ರಿಪ್ಪನ್ನು ಒಂದೇ ಉಸಿರಿಗೆ ತಳ್ಳಬೇಕು. ಬೆನ್ನಿಗೆ ಗೋಡೆ ತಾಗಿದರೆ ಅರ್ಧಕ್ಕೇ ನಿಲ್ಲುತ್ತದೆ. ಅಷ್ಟರಲ್ಲಿ ಗ್ರಿಪ್ ಜಾರಲಿ ಅಂತ ಶಾಫ್ಟಿನ ಟೇಪ್ ಮೇಲೆ ಹಾಕಿದ ದ್ರಾವಣ ಆರಿರುತ್ತದೆ, ಆಮೇಲೆ ಎಳೆದರೂ ಬರಲ್ಲ, ತಳ್ಳಿದರೂ ಹೋಗಲ್ಲ. ಅದಕ್ಕೇ ಬೆಂಚನ್ನು ಉದ್ದದ ಗೋಡೆಯ ನಡುಭಾಗಕ್ಕೆ ಹಾಕಿ. ವೈಸ್ ಬೆಂಚಿನ ಒಂದು ತುದಿಗೆ ಬರಲಿ. ಬೆಂಚನ್ನು ಗೋಡೆಗೆ ಬಿಗಿಯಿರಿ, ಇಲ್ಲದಿದ್ದರೆ ತಳ್ಳಿದಾಗೆಲ್ಲಾ ಅದೂ ಜೊತೆಗೇ ಸರಿಯುತ್ತದೆ.

ಮೆಷಿನ್ ಕೊನೆಗೆ ಇರಲಿ. ಅದರ ಕೆಲಸ ಬೀಳುವುದು ಅಪರೂಪ. ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಐರನ್ ಕ್ಲಬ್ ಸಲೀಸಾಗಿ ಬಗ್ಗುತ್ತದೆ, ಎರಕದ್ದು ಅಷ್ಟು ಸುಲಭವಲ್ಲ, ಕೈ ಪಳಗದೆ ಮುಟ್ಟಬೇಡಿ. ಮೊದಲ ಹಣ ಗಟ್ಟಿ ವೈಸ್‌ಗೆ, ಶಾಫ್ಟ್ ಹಿಡಿಯುವ ರಬ್ಬರ್ ಕ್ಲಾಂಪ್‌ಗೆ, ಆಮೇಲೆ ಶಾಫ್ಟ್ ಪುಲ್ಲರ್‌ಗೆ ಹೋಗಲಿ.

ಪುಲ್ಲರ್ ಬಗ್ಗೆ ಒತ್ತಿ ಹೇಳುತ್ತೇನೆ. ಸ್ಟೀಲ್ ಶಾಫ್ಟ್ ಆದರೆ ಹೆಡ್‌ನ ಕುತ್ತಿಗೆಗೆ ಬಿಸಿ ಕೊಟ್ಟು ತಿರುಚಿ ಎಳೆದರೆ ಬರುತ್ತದೆ. ಗ್ರಾಫೈಟ್ (ಕಾರ್ಬನ್ ನಾರಿನ) ಶಾಫ್ಟಿಗೆ ಅದು ಆಗದು. ನನ್ನ ಮೊದಲ ಡ್ರೈವರ್ ಶಾಫ್ಟನ್ನು ಬಿಸಿ ಮಾಡಿ ಸುಮ್ನೆ ಒಂಚೂರು ತಿರುಗಿಸಿದೆ. ಒಣ ಕಡ್ಡಿ ಮುರಿದ ಹಾಗೆ ಚಟಚಟ ಅಂತು. ಹೊರಗೆ ತೆಗೆದು ನೋಡಿದರೆ ತುದಿಯ ಎರಡು ಇಂಚು ನಾರುನಾರಾಗಿ ಬಿಟ್ಟುಕೊಂಡಿತ್ತು. ಆ ಶಾಫ್ಟ್ ಅಲ್ಲಿಗೇ ಮುಗಿಯಿತು. ಗ್ರಾಫೈಟನ್ನು ತಿರುಚದೆ ನೇರವಾಗಿ ಎಳೆಯಬೇಕು, ಬಿಸಿಯೂ ಬೇಕಾದಷ್ಟೇ ಇರಬೇಕು. ಪುಲ್ಲರ್ ಇರುವುದೇ ಅದಕ್ಕೆ.

ಉತ್ತರ 2:

ಮೇಲಿನವರ ಮಾತು ಸರಿ. ನಾನು ಧೂಳಿನ ಬಗ್ಗೆ ಹೇಳುತ್ತೇನೆ. ಗ್ರಾಫೈಟ್ ಕೊಯ್ದಾಗ, ಉಜ್ಜಿದಾಗ ಬರುವ ಕಪ್ಪು ಪುಡಿ ಬಹಳ ಸಣ್ಣದು. ಒಳ್ಳೆಯ ಮಾಸ್ಕ್ ಹಾಕಿ, ವ್ಯಾಕ್ಯೂಮ್ ಕ್ಲೀನರಿನ ಬಾಯಿಯನ್ನು ಕೊಯ್ಯುವ ಜಾಗದ ಹತ್ತಿರದಲ್ಲೇ ಇಡಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆಯಲ್ಲಿ ಗುಡಿಸಿದರೆ ಗಾಳಿಗೆ ಏಳುತ್ತದೆ. ಆ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಪ್ಲಗ್ ಬೋರ್ಡ್ ಕೆಳಗೆ ಉಜ್ಜುವ ಕೆಲಸ ಬೇಡ. ಪೈಪ್ ಕಟರ್ ಸ್ಟೀಲ್‌ಗೆ ಮಾತ್ರ, ಗ್ರಾಫೈಟನ್ನು ಅದು ಜಜ್ಜಿಬಿಡುತ್ತದೆ. ಕೊಯ್ಯುವ ಜಾಗಕ್ಕೆ ಟೇಪ್ ಸುತ್ತಿ, ಸಣ್ಣ ಹಲ್ಲಿನ ಗರಗಸದಲ್ಲಿ ನಿಧಾನವಾಗಿ ಕೊಯ್ಯಿರಿ. ಗ್ರಿಪ್ ದ್ರಾವಣ ಬೆಂಕಿ ಹತ್ತುವಂಥದ್ದಾದರೆ ಅದರ ಡಬ್ಬಿಯನ್ನೂ ಹೀಟ್ ಗನ್ನನ್ನೂ ಒಂದೇ ಕಡೆ ಇಡಬೇಡಿ. ಶಟರ್ ತೆರೆದೇ ಕೆಲಸ ಮಾಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ತುಂಬಾ ಧನ್ಯವಾದ. ಟೇಪ್ ಹಿಡಿದು ಅಳೆದೆ, ಮೂಲೆಯಲ್ಲಿ ನಿಜವಾಗಿಯೂ ಆಗಲ್ಲ. ಕಿಟಕಿ ಪಕ್ಕದ ಉದ್ದದ ಗೋಡೆಗೆ ಹಾಕುತ್ತೇನೆ. ಇನ್ನೊಂದು ಕೇಳಲೇ? ಬೆಳಗ್ಗೆ ಗ್ಯಾರೇಜ್ ತಣ್ಣಗಿರುತ್ತದೆ. ಹೆಡ್ಡಿಗೆ ಶಾಫ್ಟ್ ಅಂಟಿಸುವ ಎಪಾಕ್ಸಿ ಹಿಡಿಯುತ್ತದಾ?

ಉತ್ತರ 1:

ತಣ್ಣಗಿದ್ದರೆ ನಿಧಾನವಾಗಿ ಗಟ್ಟಿಯಾಗುತ್ತದೆ. 24 ಗಂಟೆಯ ಎಪಾಕ್ಸಿ ಬಳಸುತ್ತಿದ್ದರೆ, ಅಂಟಿಸಿದ ಕ್ಲಬ್ಬನ್ನು ಮನೆಯೊಳಗೆ ಬೆಚ್ಚಗಿರುವ ಕಡೆ ನಿಲ್ಲಿಸಿಡಿ. ನನ್ನದೊಂದು ರೂಢಿ ಇದೆ. ಕಲಸಿ ಉಳಿದ ಅಂಟನ್ನು ಒಂದು ರಟ್ಟಿನ ಚೂರಿಗೆ ಹಚ್ಚಿ, ಮೇಲೆ ದಿನ, ಗಂಟೆ ಬರೆದು ಕ್ಲಬ್ ಪಕ್ಕದಲ್ಲೇ ಇಡುತ್ತೇನೆ. ಮಾರನೇ ದಿನ ಉಗುರಿನಿಂದ ಒತ್ತುತ್ತೇನೆ. ಗುರುತು ಬಿದ್ದರೆ ಇನ್ನೊಂದು ದಿನ ಮುಟ್ಟುವುದಿಲ್ಲ. ಅವಸರಪಟ್ಟು ಹೊಡೆದರೆ ಹೆಡ್ ಕಳಚಿ ಹಾರುತ್ತದೆ, ಎದುರಿಗೆ ಯಾರಾದರೂ ಇದ್ದರೆ ಏನು ಗತಿ?

ಅಂಟು ಕಲಸುವ ಮೊದಲು ಶಾಫ್ಟ್ ತುದಿಯನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಡ್ರೈವರ್‌ಗೆ ಸಾಮಾನ್ಯವಾಗಿ 0.335 ಇಂಚು. ಐರನ್‌ಗೆ 0.370 ಅಥವಾ ತುದಿ ಚೂಪಾಗುವ 0.355. ಈ ಎರಡನ್ನು ಕಣ್ಣಳತೆಯಲ್ಲಿ ಗುರುತಿಸೋದು ಕಷ್ಟ. ಆಮೇಲೆ ಅಂಟಿಲ್ಲದೆ ಎಲ್ಲಾ ಜೋಡಿಸಿ, ಗ್ರಿಪ್ಪನ್ನೂ ಸೇರಿಸಿ ಸ್ವಿಂಗ್‌ವೇಟ್ ತಕ್ಕಡಿಯಲ್ಲಿ (ಬೀಸುವಾಗ ಹೆಡ್ ಕಡೆ ಎಷ್ಟು ಭಾರ ಅನಿಸುತ್ತದೆ ಅಂತ ಪಾಯಿಂಟ್ ಲೆಕ್ಕದಲ್ಲಿ ತೋರಿಸುವುದು) ತೂಗಿ. ಉದ್ದದಲ್ಲಿ ಅರ್ಧ ಇಂಚು ಕಡಿಮೆಯಾದರೆ ಸುಮಾರು ಮೂರು ಪಾಯಿಂಟ್ ಇಳಿಯುತ್ತದೆ. ಹೆಡ್‌ಗೆ ಎರಡು ಗ್ರಾಂ ಸೇರಿದರೆ ಸುಮಾರು ಒಂದು ಪಾಯಿಂಟ್ ಏರುತ್ತದೆ. ತೂಕ ಸರಿ ಮಾಡಿಕೊಳ್ಳೋಕೆ ಅದೇ ಸಮಯ, ಅಂಟು ಹಾಕಿದ ಮೇಲೆ ಪೇಚಾಟ ಜಾಸ್ತಿ.

ಮೊದಲ ಕ್ಲಬ್ ಯಾವುದಾದರೂ ಹಳೆಯ ಸ್ಟೀಲ್ ಐರನ್ ಇರಲಿ. ಬೆಂಚು ನಿಂತ ಮೇಲೆ ಒಂದು ಫೋಟೋ ಹಾಕಿ, ವೈಸ್ ಇಟ್ಟ ಜಾಗ ನೋಡಿ ಹೇಳುತ್ತೇನೆ.