ಅಪರೂಪದ ಬಾಳೆಹಣ್ಣಿನ ರುಚಿ, ಬಾಳೆಕಾಯಿ ಖಾರದಡುಗೆ: ಯಾವುದಕ್ಕ ಯಾವ ಬಾಳೆ?

ರೊಟ್ಟಿಬುಟ್ಟಿ, ಗಂಗಾವತಿ:
ಭಾನುವಾರ ಎಂಟು ಮಂದಿ ಕೂಡ್ತೀವ್ರಿ. ಕಮಲಾಪುರದ ಕೆಂಪು ಬಾಳೆ, ನಂಜನಗೂಡು ರಸಬಾಳೆ, ಯಾಲಕ್ಕಿ, ನೇಂದ್ರ ನಾಲ್ಕೂ ಸಿಗ್ತಾವ. ಯಾವುದನ್ನ ಮೊದಲು ತಿನ್ನಬೇಕು? ರೊಟ್ಟಿ ಜೋಡಿ ಬಾಳೆಕಾಯಿ ಪಲ್ಯನೂ ಆಗಬೇಕು. ಖಾನಾವಳಿ ಪಲ್ಯದಾಗ ಹೋಳು ಬಿಡಿಬಿಡಿ ಇರ್ತಾವ, ಮನ್ಯಾಗ ಕಪ್ಪಾಗಿ ಲೋಳಿಲೋಳಿ ಆಗ್ತದ. ಯಾಕ್ರಿ?

ಕಂಪ್ಲಿ ತೋಟ:
ಹಣ್ಣಿನ ವಿಷಯ ನಾನು ಹೇಳ್ತೀನಿ, ಪಲ್ಯ ಬೇರೆಯವರು ಹೇಳಲಿ. ಮೊದಲು ಯಾಲಕ್ಕಿ, ಅದರಲ್ಲಿ ಸ್ವಲ್ಪ ಹುಳಿ ಇರುತ್ತೆ. ಆಮೇಲೆ ಕೆಂಪು ಬಾಳೆ, ಕೊನೆಗೆ ರಸಬಾಳೆ. ರಸಬಾಳೆ ಘಮ ಮೊದಲೇ ಬಾಯಿಗೆ ಹತ್ತಿದರೆ ಉಳಿದದ್ದೆಲ್ಲ ಸಪ್ಪೆ. ನಡುನಡುವೆ ಉಗುರುಬೆಚ್ಚಗಿನ ನೀರು, ಉಪ್ಪಿಲ್ಲದ ರೊಟ್ಟಿ ಚೂರು ಸಾಕು.

ಕೆಂಪು ಬಾಳೆಯಲ್ಲಿ ಬಣ್ಣ ನೋಡಿ ಮೋಸ ಹೋಗ್ತಾರೆ. ಕಾಯಿದ್ದಾಗಲೂ ಅದು ಕೆಂಪೇ! ತೊಟ್ಟಿನ ಹತ್ತಿರ ಒತ್ತಿದರೆ ಬೆರಳು ಮೆತ್ತಗೆ ಇಳಿಯಬೇಕು, ಇಲ್ಲದಿದ್ದರೆ ಒಗರು ಗಂಟಲು ಹಿಡಿಯುತ್ತೆ. ರಸಬಾಳೆ ತಿರುಳಲ್ಲಿ ಕೆಲವೊಮ್ಮೆ ಗಟ್ಟಿ ಗಂಟು ಇರುತ್ತೆ, ಎಷ್ಟು ದಿನ ಇಟ್ಟರೂ ಅದು ಹಣ್ಣಾಗಲ್ಲ, ಕೊಯ್ದು ತೆಗೆಯಿರಿ. ಯಾವುದನ್ನೂ ಫ್ರಿಜ್ಜಲ್ಲಿ ಇಡಬೇಡಿ. 13 ಡಿಗ್ರಿಗಿಂತ ತಂಪಾದರೆ ಸಿಪ್ಪೆ ಕಪ್ಪಾಗುತ್ತೆ, ಕಾಯಿ ಇದ್ದದ್ದು ಸರಿಯಾಗಿ ಹಣ್ಣೂ ಆಗಲ್ಲ. ಅಂದಹಾಗೆ ಕೆಂಪು ಬಾಳೆಯ ಕಮಲಾಪುರ ಕಲಬುರಗಿ ಜಿಲ್ಲೆಯದು, ಹಂಪಿ ಪಕ್ಕದ್ದಲ್ಲ.

ರಾಯಚೂರು ಖಾರ:
ಪಲ್ಯಕ್ಕ ಯಾಲಕ್ಕಿ ಕಾಯಿ ತರಬ್ಯಾಡ್ರಿ. ದಪ್ಪ ಏಣಿನ ಅಡುಗೆ ಬಾಳೆ, ತೆಲುಗಿನವರು ಬೊಂತ ಅಂತಾರಲ್ಲ, ಅದು ಬೇಕು. ಪೂರಾ ಹಸಿರಿರಬೇಕು. ಹಳದಿ ಹಾಯ್ತು ಅಂದ್ರ ಒಳಗಿನ ಪಿಷ್ಟ ಸಕ್ಕರಿ ಆಗಾಕ ಶುರುವಾತು, ಅಂಥಾದ್ದು ಮೆತ್ತಗಾಗಿ ತಳ ಹಿಡೀತದ.

4 ಕಾಯಿಗೆ ಹೇಳ್ತೀನಿ. ಕೈಗೂ ಚಾಕುವಿಗೂ ಎಣ್ಣೆ ಸವರ್ರಿ, ಸೊನೆ ಅಂಟೂದಿಲ್ಲ. ಹೋಳು ಅರ್ಧ ಇಂಚು. ಹೆಚ್ಚಿದ ಹಂಗ ಮಜ್ಜಿಗಿ ನೀರಿಗೆ ಬಿಡ್ರಿ. ಹೋಳು ಗಾಳಿಗೆ ಕಪ್ಪಾಗ್ತಾವ, ಹುಳಿ ಅದನ್ನ ತಡೀತದ. ಕುಕ್ಕರ್ ಬ್ಯಾಡ. ಕುದಿಯೋ ನೀರಿಗೆ ಉಪ್ಪು, ಅರಿಶಿಣ, 2 ಚಮಚ ಹುಣಸಿ ರಸ ಹಾಕಿ 6-7 ನಿಮಿಷ ಬೇಸ್ರಿ. ಹುಣಸಿ ಇದ್ರ ಹೋಳು ಬಿರುಸಾಗೇ ಉಳೀತಾವ. ಚಾಕು ಚುಚ್ಚಿದ್ರ ನಡುವ ಸ್ವಲ್ಪ ತಡೀಬೇಕು, ಆಗ ಬಸದು ಬಟ್ಟಿ ಮ್ಯಾಲ ಹರವ್ರಿ. ಈ ಹಸಿ ಆರದಿದ್ರನೇ ಲೋಳಿ.

3 ಚಮಚ ಎಣ್ಣೆಗೆ ಸಾಸಿವಿ, 8 ಎಸಳು ಬಳ್ಳೊಳ್ಳಿ ಜಜ್ಜಿದ್ದು, ಕರಿಬೇವು, ಆಮ್ಯಾಲ ಹೋಳು. ಮುಚ್ಚಳ ಮುಚ್ಚಬ್ಯಾಡ್ರಿ, ಹಬಿ ನೀರು ತಿರುಗಿ ಬೀಳ್ತದ. ಅಂಚು ಕೆಂಪಾಗೋತನಕ 8-10 ನಿಮಿಷ ಬಿಡ್ರಿ, ಸಟ್ಟುಗ ಮ್ಯಾಲಿಂದ ಮ್ಯಾಲ ಆಡಿಸಬ್ಯಾಡ್ರಿ. ಒಲಿ ಆರಿಸಿದ ಮ್ಯಾಲ 1 ಚಮಚ ಖಾರಪುಡಿ, 2 ಚಮಚ ಗುರೆಳ್ಳು ಪುಡಿ. ಗುರೆಳ್ಳು ಉರಿ ಮ್ಯಾಲ ಹಾಕಿದ್ರ ಕಹಿ.

ರೊಟ್ಟಿಬುಟ್ಟಿ, ಗಂಗಾವತಿ:
ಭಾಳ ಛಲೋ ಆತ್ರಿ. ನೇಂದ್ರ ಹಣ್ಣಾಗ್ಯಾವ, ಸಿಪ್ಪಿ ಮ್ಯಾಲ ಕಪ್ಪು ಚುಕ್ಕಿ. ಖಾರದ ಅಡುಗಿಗೆ ನಡೀತಾವೇನ್ರಿ?

ರಾಯಚೂರು ಖಾರ:
ನಡೀತಾವ್ರಿ, ಒತ್ತಿದ್ರ ಇನ್ನಾ ಗಟ್ಟಿ ಇರಬೇಕು ಅಷ್ಟ. ಕೇರಳದವರು ಮಾಡೋ ಪುಳಿಶ್ಶೇರಿ ಮಾಡ್ರಿ, ಮಜ್ಜಿಗಿಹುಳಿ ತಮ್ಮ ಇದ್ದಂಗ. 2 ಹಣ್ಣು ಇಂಚಿನ ಹೋಳು ಮಾಡಿ, ಒಂದು ಬಟ್ಟಲ ನೀರಾಗ ಉಪ್ಪು, ಅರಿಶಿಣ, ಖಾರಪುಡಿ ಹಾಕಿ 5 ನಿಮಿಷ ಕುದಿಸ್ರಿ. ಅರ್ಧ ಬಟ್ಟಲ ಹಸಿ ಕೊಬ್ಬರಿ, 2 ಹಸಿಮೆಣಸಿನಕಾಯಿ, ಜೀರಿಗಿ ನುಣ್ಣಗ ರುಬ್ಬಿ ಹಾಕಿ ಒಂದು ಕುದಿ. ಉರಿ ಸಣ್ಣ ಮಾಡಿ ಒಂದೂವರೆ ಬಟ್ಟಲ ಹುಳಿ ಮೊಸರು ಕಡದು ಸುರುವ್ರಿ. ಹಬಿ ಎದ್ದ ಕೂಡಲೇ ಇಳಿಸ್ರಿ, ಕುದ್ರ ಮೊಸರು ಒಡೀತದ. ಒಗ್ಗರಣಿಗೆ ಸಾಸಿವಿ, ನಾಕು ಕಾಳು ಮೆಂತೆ, ಬ್ಯಾಡಗಿ. ಇದಕ್ಕ ಜೋಳದ ರೊಟ್ಟಿ ಹೊಂದೂದಿಲ್ಲ, ಅನ್ನ ಇಡ್ರಿ.

ಕಂಪ್ಲಿ ತೋಟ:
ನೇಂದ್ರ ಸಿಗದಿದ್ದರೆ ಯಾಲಕ್ಕಿ ಹಾಕೋಕೆ ಹೋಗಬೇಡಿ, ಅದು ಕರಗಿ ಪಾಯಸ ಆಗುತ್ತೆ.